ಒಂಟಿ ಬೂಟುಗಳ ಮಹಜರು

ಏಪ್ರಿಲ್ 9, ಮಧ್ಯಾಹ್ನ

ಅಂಟು ಹಚ್ಚಿ, ಹಿಂದಿನ ಅಂಗಳದ ಹಲಗೆಯ ಮೇಲೆ ಒಣಗಲಿಟ್ಟ ಬೂಟುಗಳು ಹದಿನಾಲ್ಕು. ವಾಪಸು ಒಳಗೆ ಬಂದವು ಹದಿಮೂರು. ಈ ವಾರ ಇದು ಮೂರನೆಯ ಸಲ. ಪ್ರತಿ ಸಲವೂ ಹೋಗುವುದು ಒಂದೇ ಕಾಲಿನದು. ಜೋಡಿ ಕದಿಯುವಷ್ಟೂ ಬುದ್ಧಿ ಇಲ್ಲದ ಕಳ್ಳ.

ಚಿಕ್ಕಪ್ಪ ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದ. ಈ ರಿಪೇರಿ ಅಂಗಡಿಯಲ್ಲಿ ಆಪಾದಿತೆಯ ಪೂರ್ವಚರಿತ್ರೆ ಹೀಗಿದೆ: ಚಿಕ್ಕಪ್ಪನ ಸ್ಟೂಲಿಗೆ ಅಂಟು ಹಚ್ಚಿದ್ದು, ಒಂದು ಸಲ. ಗಿರಾಕಿಯ ಎರಡೂ ಬೂಟಿನ ಲೇಸನ್ನು ಒಂದಕ್ಕೊಂದು ಗಂಟು ಹಾಕಿ ಕೊಟ್ಟದ್ದು, ಎರಡು ಸಲ. (ಎರಡನೆಯದು ಹೆಚ್ಚು ಚೆನ್ನಾಗಿತ್ತು.)

“ತರಲೆ, ಎಲ್ಲಿಟ್ಟಿದ್ದೀಯ ಹೇಳಿಬಿಡು.”

“ನಾನಲ್ಲ ಚಿಕ್ಕಪ್ಪ. ಆಣೆಗೂ.”

“ನಿನ್ನ ಆಣೆ ಯಾರಿಗೆ ಬೇಕು? ಅದರ ಹಿಮ್ಮಡಿ ಸವೆದು ಎಷ್ಟು ವರ್ಷ ಆಯ್ತು!”

ಕೌಂಟರಿನಲ್ಲಿ ಕೂತ ಅಜ್ಜಿಯ ತೀರ್ಪು: “ಇನ್ನೊಂದು ಹೋದ್ರೆ ಇವಳನ್ನ ಕೆಲಸದ ಮೇಜಿಂದ ಎಬ್ಬಿಸಿ ಇಲ್ಲಿ ಕೂರಿಸು. ಗಿರಾಕಿಗಳಿಗೆ ಚೀಟಿ ಬರೀಲಿ.”

ಬರುವ ತಿಂಗಳು ಬೂಟಿನ ತಳಕ್ಕೆ ಅಟ್ಟೆ ಹೊಲಿಯಲು ಕಲಿಸುತ್ತೇನೆಂದು ಚಿಕ್ಕಪ್ಪ ಮಾತು ಕೊಟ್ಟಿದ್ದಾನೆ. ಎರಡು ವರ್ಷದಿಂದ ಕಾಯುತ್ತಿದ್ದೇನೆ... ಈ ಒಂದು ವಿಷಯದಲ್ಲಿ ತಮಾಷೆ ಇಲ್ಲ.

ಏಪ್ರಿಲ್ 11, ಬೆಳಿಗ್ಗೆ 6.40

ತನಿಖೆ ಯಶಸ್ವಿ. ಅಂಚೆಯಣ್ಣನ ಬೂಟನ್ನು ಹಲಗೆಯ ಮೇಲಿಟ್ಟು ಡ್ರಮ್ಮಿನ ಹಿಂದೆ ಕೂತೆ. ಆ ಬೂಟನ್ನೇ ಆರಿಸಿದ್ದಕ್ಕೆ ಕಾರಣ: ಅದರ ವಾಸನೆ ಮೂರು ಬೀದಿ ಆಚೆಗೂ ಹೋಗುತ್ತದೆ.

ಬಂದಳು. ಕೆಂಪು ನರಿ! ಬಾಲದ ತುದಿ ಸುಣ್ಣದಲ್ಲಿ ಅದ್ದಿದ ಹಾಗೆ. ನಾಲ್ಕು ಕಾಲಿಗೂ ಕಪ್ಪು ಕಾಲುಚೀಲ. ಕಾಲುಚೀಲ ಇದೆ, ಬೂಟಿಲ್ಲ. ಅಪರಾಧದ ಉದ್ದೇಶ ಸ್ಪಷ್ಟವಾಯಿತು.

ನಡುವೆ ಹುಲ್ಲಿನ ಹತ್ತಿರ ನಿಂತಳು. ತಲೆ ಓರೆ ಮಾಡಿ ಆಲಿಸಿದಳು. ನನಗೆ ಏನೂ ಕೇಳಿಸಲಿಲ್ಲ. ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ, ಮೂಗು ಮುಂದಾಗಿ ಹುಲ್ಲಿಗೆ ಧುಮುಕಿದಳು. ಎದ್ದಾಗ ಬಾಯಲ್ಲಿ ಇಲಿ. ಹಾಗೇ ಬಂದು ಬೂಟಿನ ಲೇಸನ್ನೂ ಕಚ್ಚಿ ಎಳೆದುಕೊಂಡು ಹಳೆ ಶೆಡ್ಡಿನ ಅಡಿಗೆ ನುಸುಳಿದಳು.

ಹೊಟ್ಟೆಯ ಮೇಲೆ ಮಲಗಿ ಇಣುಕಿದೆ. ಮರಿಗಳು. ನಾಲ್ಕು! ಕಾಫಿಪುಡಿ ಬಣ್ಣ, ನೀಲಿ ಕಣ್ಣು. ಒಂದು ಮರಿ ಬೂಟಿನೊಳಗೆ ತಲೆ ತೂರಿಸಿ ಗಾಢ ನಿದ್ದೆಯಲ್ಲಿತ್ತು. ಆ ವಾಸನೆಯಲ್ಲಿ ನಿದ್ದೆ ಬರುವವರು ಭಾಗ್ಯವಂತರು.

ಅದೇ ದಿನ, 10 ಗಂಟೆ

ಹೇಳೋಣವೆಂದು ಓಡಿದರೆ ಒಳಗೆ ಗಾರೆಯವನು. ಶೆಡ್ಡಿನ ನೆಲ ಕುಸಿಯುತ್ತಿದೆಯಂತೆ.

“ಶುಕ್ರವಾರ ಅಡಿಯಲ್ಲಿರೋ ಪೊಳ್ಳಿಗೆಲ್ಲ ಕಾಂಕ್ರೀಟ್ ತುಂಬಿಬಿಡ್ತೀನಿ.”

“ಕೆಳಗೆ ಏನಾದ್ರೂ ವಾಸ ಇದ್ರೆ?” ಅಂದೆ, ಬಹಳ ಸಾಧುವಾಗಿ.

“ಇದ್ರೆ ಮೊದಲೇ ತುಂಬಿಸ್ಬೇಕು,” ಅಂದ ಚಿಕ್ಕಪ್ಪ. “ಚರ್ಮ ಕಡಿಯೋ ಜಾತಿ ಒಂದೂ ನಮ್ಮ ಅಂಗಡಿ ಹತ್ರ ಬೇಡ.”

ಬಾಯಿ ಮುಚ್ಚಿಕೊಂಡೆ. ಹೇಳಿದರೆ ನಾನು ಉಳಿಯುತ್ತೇನೆ, ಮರಿಗಳು ಹೋಗುತ್ತವೆ.

ಏಪ್ರಿಲ್ 12, ಸಂಜೆ

ಲೈಬ್ರರಿಯ ಪುಸ್ತಕ: ಮರಿಗಳು ತಾವಾಗಿ ಓಡಾಡಿ ಬಿಲ ಬಿಡಲು ಜೂನ್ ಆಗಬೇಕು. ಅಪ್ಪ-ಅಮ್ಮ ಇಬ್ಬರೂ ಊಟ ತಂದು ಹಾಕುತ್ತಾರೆ. ಶುಕ್ರವಾರಕ್ಕೆ ಎರಡೇ ದಿನ.

ತಾಯಿ ಹೊರಗೆ ಹೋದಾಗ ಕೈ ಚಾಚಿ ಅಂಚೆಯಣ್ಣನ ಬೂಟು ಎಳೆದುಕೊಂಡೆ. ಬದಲಿಗೆ ಗುಜರಿ ಚೀಲದಲ್ಲಿದ್ದ ಅಜ್ಜಿಯ ಹಳೆ ಚಪ್ಪಲಿ ಇಟ್ಟೆ. ನ್ಯಾಯವಾದ ವಿನಿಮಯ. ಆಮೇಲೆ ಬೂಟನ್ನು ಕೌಂಟರಿನ ಮೇಲಿಟ್ಟು ಕೈಕಟ್ಟಿ ನಿಂತೆ.

“ಕದ್ದವಳು ನಾನೇ.”

ಮಾಡದ ತಪ್ಪನ್ನು ಒಪ್ಪಿಕೊಂಡದ್ದು ಇದೇ ಮೊದಲು. ಮಾಡಿದ್ದನ್ನೂ ಎಂದೂ ಒಪ್ಪಿಕೊಂಡಿಲ್ಲವಾದ್ದರಿಂದ ಅಭ್ಯಾಸ ಸಾಲದೆ ದನಿ ನಡುಗಿತು. “ಉಳಿದವು ಶೆಡ್ಡಿನಡಿ ಬಚ್ಚಿಟ್ಟಿದ್ದೀನಿ. ಎಲ್ಲಾ ತೆಗೆಯೋಕೆ ಜೂನ್ ತನಕ ಬೇಕು. ಅಲ್ಲೀವರೆಗೂ ಕಾಂಕ್ರೀಟ್ ಬೇಡ.”

“ಜೂನಾ?” ಅಜ್ಜಿ ಕನ್ನಡಕ ಮೇಲೇರಿಸಿದಳು. “ಬೂಟು ತೆಗೀತೀಯೋ, ಬಾವಿ ತೋಡ್ತೀಯೋ?”

ಚಿಕ್ಕಪ್ಪ ಬೂಟು ಕೈಗೆ ತೆಗೆದುಕೊಂಡ. ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು.

ಶಿಕ್ಷೆ: ನಾಳೆಯಿಂದ ಚೀಟಿ ಬರೆಯುವುದು.

ಏಪ್ರಿಲ್ 14, ಶುಕ್ರವಾರ

ಕೌಂಟರಿನಲ್ಲಿ ಕೂತಿದ್ದೆ. ಗಾರೆಯವನು ಸಿಮೆಂಟು ಇಳಿಸತೊಡಗಿದ. ಚೀಟಿಯ ಮೇಲೆ ಏನು ಬರೆದೆನೋ. ಶೆಡ್ಡಿನ ಬಾಗಿಲಿಗೆ ಅಡ್ಡ ಮಲಗುವುದೆಂದು ತೀರ್ಮಾನಿಸಿ ಎದ್ದೇಬಿಟ್ಟೆ. ಅಷ್ಟರಲ್ಲಿ ಚಿಕ್ಕಪ್ಪನ ದನಿ.

“ಇವತ್ತು ಬೇಡಪ್ಪ. ಸೊಂಟ ಹಿಡ್ಕೊಂಡಿದೆ.”

“ಸೊಂಟ ನಿಮ್ದು. ಕಾಂಕ್ರೀಟ್ ಹಾಕೋನು ನಾನಲ್ವಾ?”

“ನಿಂತು ನೋಡೋದಕ್ಕೂ ಸೊಂಟ ಬೇಕಲ್ಲ? ಜೂನ್‌ನಲ್ಲಿ ಬಾ.”

ಗಾರೆಯವನು ಗೊಣಗುತ್ತ ಹೋದ. ಚಿಕ್ಕಪ್ಪ ನೆಟ್ಟಗೆ ನಡೆದು ಬಂದು ಅಂಚೆಯಣ್ಣನ ಬೂಟನ್ನು ನನ್ನ ಮುಂದಿಟ್ಟ. ಹಿಮ್ಮಡಿಯಲ್ಲಿ ನಾಲ್ಕು ತೂತು: ಮೇಲೆ ಎರಡು, ಕೆಳಗೆ ಎರಡು.

“ಮೂವತ್ತು ವರ್ಷದಿಂದ ಚರ್ಮ ನೋಡ್ತಿದ್ದೀನಿ. ಇದು ನಿನ್ನ ಹಲ್ಲಾ? ಬಾಯಿ ತೆಗಿ, ಅಳೀತೀನಿ.”

ಟೇಪು ಹಿಡಿದು ಅಳೆದೇಬಿಟ್ಟ! ಇಬ್ಬರು ಗಿರಾಕಿಗಳ ಎದುರು!

“ನಿನ್ನ ಕೋರೆಹಲ್ಲು ಇದಕ್ಕೆ ಸಾಲದು. ಬಿಡುಗಡೆ.” ಆಮೇಲೆ ಮೆಲ್ಲಗೆ, “ಮರಿ ಎಷ್ಟು? ನಂಗೆ ಮೂರು ಕಂಡ್ವು.”

ಆಗ ನೋಡಿದೆ. ಅವನ ಎರಡೂ ಮೊಣಕಾಲಿಗೆ ಅಂಗಳದ ಮಣ್ಣು.

“ನಾಲ್ಕು. ಒಂದು ಬೂಟೊಳಗಿರುತ್ತೆ.”

“ಅದಕ್ಕೇನೆ,” ಅಂದಳು ಅಜ್ಜಿ, “ಇವರಿಬ್ರೂ ನರಿ ಮುಖ ನೋಡಿ ಎದ್ದೋರ ಹಾಗೆ ಹಲ್ಲು ಕಿರೀತಿರೋದು.”

ಮೇ 7, ಬೆಳಿಗ್ಗೆ

ಬರೆಯಲು ಪುರುಸೊತ್ತಿಲ್ಲ. ದಿನಾ ಬೆಳಿಗ್ಗೆ ಹಿತ್ತಲ ಕಿಟಕಿಯಲ್ಲಿ ಮೂವರ ಸಭೆ, ಅಜ್ಜಿಯದೇ ಅಧ್ಯಕ್ಷತೆ. ಮರಿಗಳಿಗೆ ಕೆಂಪು ಬಂದಿದೆ. ಕಣ್ಣು ಜೇನಿನ ಬಣ್ಣ. ಅಜ್ಜಿಯ ಹಳೆ ಚಪ್ಪಲಿಗಾಗಿ ಎರಡು ಮರಿಗಳ ಹಗ್ಗಜಗ್ಗಾಟ. ಇಬ್ಬರೂ ಸೋತು, ಮೂರನೆಯದು ಗೆದ್ದಿತು. ಅಪ್ಪ ನರಿ ಪಾರಿವಾಳ ತಂದು, ಅರ್ಧ ಕೊಟ್ಟು, ಉಳಿದರ್ಧ ಮಣ್ಣಲ್ಲಿ ಹೂತು ಮೂಗಿನಿಂದ ತಟ್ಟಿ ತಟ್ಟಿ ಸಮ ಮಾಡಿದ.

“ಕೆಲಸ ಅಂದ್ರೆ ಅದು,” ಅಂದ ಚಿಕ್ಕಪ್ಪ. “ಅಂಚು ಕಾಣಲ್ಲ ನೋಡು. ನೀನೂ ಹಾಗೇ ಹೊಲಿ.”

ಹೌದು. ಅಟ್ಟೆ ಹೊಲಿಯುತ್ತಿದ್ದೇನೆ!

ಜೂನ್ 12

ಮೂರು ದಿನದಿಂದ ಬಿಲ ಖಾಲಿ. ಒಂಬತ್ತು ಒಂಟಿ ಬೂಟು ಹೊರತೆಗೆದೆವು: ನಮ್ಮಲ್ಲಿ ಕಳೆದ ಮೂರು, ಉಳಿದವು ಅಕ್ಕಪಕ್ಕದ ಮನೆಗಳವು. ಒಂದು ಯಾರದೆಂದು ಯಾರಿಗೂ ಗೊತ್ತಿಲ್ಲ. ಗಾರೆಯವನು ಬಂದು ನೆಲ ಹಾಕಿದ. ಮೂಲೆಯಲ್ಲಿ ಒಂದು ತೂತು ಮಾತ್ರ ಹಾಗೇ ಬಿಡಿಸಿದ ಚಿಕ್ಕಪ್ಪ.

“ಇದ್ಯಾಕೆ?” ಅಂದ ಗಾರೆಯವನು.

“ಗಾಳಿಗೆ,” ಅಂದಳು ಅಜ್ಜಿ, ಮುಖ ಒಂದಿಷ್ಟೂ ಅಲುಗದೆ. ನನಗೆ ಈ ಗುಣ ಎಲ್ಲಿಂದ ಬಂತೆಂದು ಈಗ ತಿಳಿಯಿತು.

ಜೂನ್ 19, ಬೆಳಿಗ್ಗೆ 5.50

ಹಿತ್ತಲ ಮೆಟ್ಟಿಲ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ನನ್ನ ಮೊದಲ ಜೋಡಿ ಮುಗಿಯಿತು. ಅಟ್ಟೆಯಿಂದ ಲೇಸಿನವರೆಗೆ ನನ್ನದೇ ಕೈ. ಚಿಕ್ಕಪ್ಪ ಅಂಚು ತಡವಿ ನೋಡಿ “ಹೂಂ” ಅಂದ. ಅವನು ಬೇರೆಯವರಿಗೆ ಅಷ್ಟೂ ಅನ್ನುವುದಿಲ್ಲ. ಬಿಚ್ಚಿ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಆಗಾಗ ನೋಡಿಕೊಳ್ಳಲು.

ಹುಲ್ಲು ಅಲ್ಲಾಡಿತು. ಬಿಳಿ ಬಾಲದ ತುದಿ. ತಾಯಿಯಲ್ಲ, ಸಣ್ಣದು... ಬೂಟಿನಲ್ಲಿ ಮಲಗುತ್ತಿದ್ದವನೇ ಇರಬೇಕು. ಎಷ್ಟು ಬೆಳೆದಿದ್ದಾನೆ! ಹತ್ತಿರ ಬರುತ್ತಿದ್ದಾನೆ. ಉಸಿರು ಬಿಗಿಹಿಡಿದು ಬರೆಯುತ್ತಿದ್ದೇನೆ. ಮೂಸಿದ... ಏಯ್, ಅದು ಬೇಡ ಕಣೋ, ಅದು ನಾನೇ ಹೊಲಿ—