ಎದುರು ಬೆಂಚು

ಭಾನುವಾರ, ಮಧ್ಯಾಹ್ನ

ಎದುರು ಬೆಂಚಿನವಳಿಗೆ,

ಹೀಗೆ ಶುರುಮಾಡಿದ್ದಕ್ಕೆ ಸಿಟ್ಟಾಗಬೇಡ. ಬೇರೆ ಎರಡು ಥರ ಬರೆದು ನೋಡಿದೆ. ಒಂದು ಮದುವೆಯಾದ ಹೊಸದರಲ್ಲಿ ಬರೆದ ಹಾಗಿತ್ತು, ಇನ್ನೊಂದು ಕಾಲೇಜಿನ ನೋಟೀಸಿನ ಹಾಗೆ. ನಿನ್ನೆ ನೀನು ಆ ಬೆಂಚಿನಲ್ಲಿ ಕೂತಿದ್ದೆ, ನಾನು ಈ ಬೆಂಚಿನಲ್ಲಿ, ನಡುವೆ ಅಂಕ ಬರೆಯುವವರ ಮೇಜು. ಎದುರು ಬೆಂಚು ಎನ್ನುತ್ತೇವೆ, ಆದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡೂ ಒಂದೇ ಸಾಲಿನಲ್ಲಿರುತ್ತವೆ. ಕತ್ತು ತಿರುಗಿಸದೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದೇ ವಿಷಯಕ್ಕೆ ಈ ಪತ್ರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಟೈಮ್‌ಔಟಿನಲ್ಲಿ ಮಾತಾಡಿದ ಹಾಗೆ ಮಾತಾಡುತ್ತೇವೆ. ಊಟ ಆಯಿತೇ, ಮೊಣಕಾಲು ಹೇಗಿದೆ, ಸರಿ ಹಾಗಾದರೆ. ಯಾರೋ ಹಾರ್ನ್ ಒತ್ತಿದಂತೆ ಇಬ್ಬರೂ ಎದ್ದುಬಿಡುತ್ತೇವೆ.

ನಿನ್ನೆ ನಾನು ಕೈಸನ್ನೆ ಮಾಡಿದಾಗಲೆಲ್ಲ ನೀನು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಮೊದಲ ಸಲ ನಂಬಿದೆ. ಎರಡನೆಯ ಸಲ, ಹೊಸ ಶೂ ಇರಬೇಕು ಅಂದುಕೊಂಡೆ. ಆಮೇಲೆ ಗಮನಿಸುತ್ತಾ ಹೋದೆ. ನಾನು ಎದ್ದು ಗೆರೆಯ ಹತ್ತಿರ ಬಂದರೆ ಸಾಕು, ನಿನ್ನ ತಲೆ ಕೆಳಗೆ. ಅಷ್ಟು ಸಲ ಬಿಚ್ಚಿಹೋಗುವ ಲೇಸು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಿನ್ನ ಹುಡುಗಿಯರು ನಿನ್ನ ಕಡೆ ತಿರುಗಿ, ಈಗೇನು ಮಾಡೋದು ಎಂದು ಕಣ್ಣಲ್ಲೇ ಕೇಳುತ್ತಿದ್ದರು. ನೀನು ಗಂಟು ಬಿಗಿಯುತ್ತಿದ್ದೆ. ನಾವು ಮೂರು ಅಂಕಗಳಿಂದ ಗೆದ್ದೆವು. ನೀನು ತಲೆ ಎತ್ತಿದ್ದರೆ ಗೆಲ್ಲುತ್ತಿರಲಿಲ್ಲ. ಇದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಹೊಸ ಕಾಲೇಜಿನವರು ಈ ಸೋಲಿಗೆ ನಿನ್ನನ್ನು ಏನಂದರೋ, ಅದೊಂದು ಗೊತ್ತಿಲ್ಲ.

ಇಲ್ಲಿ ಈಗ ನಾವು ಮೂವರು. ನಾನು, ಫಿಸಿಯೋ ಪಟ್ಟಿ ಅಕ್ಕ, ನಿನ್ನ ಜಾಗಕ್ಕೆ ಬಂದಿರುವ ಸೀಟಿ. ಸೀಟಿ ನಮ್ಮಲ್ಲೇ ಆಡಿದವಳು. ಎರಡು ಬೆರಳು ಬಾಯಿಗಿಟ್ಟು ಇಡೀ ಕಟ್ಟಡ ನಡುಗಿಸುತ್ತಿದ್ದಳಲ್ಲ, ಆ ಹೆಸರಿಟ್ಟವಳು ನೀನೇ. ಪಟ್ಟಿ ಅಕ್ಕ ಈಗಲೂ ಹುಡುಗಿಯರ ಕಾಲಿಗೆ ಪಟ್ಟಿ ಸುತ್ತುತ್ತಾ ಅವರ ಮನೆಯ ಗುಟ್ಟುಗಳನ್ನೆಲ್ಲ ಬಿಚ್ಚಿಸುತ್ತಾಳೆ. ನೀನು ಮಾಡುತ್ತಿದ್ದ ಕೆಲಸಗಳನ್ನು ನಾವು ಹಂಚಿಕೊಂಡಿದ್ದೇವೆ. ಕೆಲವನ್ನು ಯಾರೂ ಮಾಡುತ್ತಿಲ್ಲ. ಅವು ಯಾವುವೆಂದು ಇನ್ನೂ ಪತ್ತೆಯಾಗಿಲ್ಲ, ಆಗದೆ ಉಳಿದಿವೆ ಎನ್ನುವುದು ಮಾತ್ರ ತಿಳಿಯುತ್ತದೆ.

ಬೆಳಗ್ಗೆ ಆಟದ ಹಾಲ್‌ನ ಬೀಗ ತೆಗೆದು ದೀಪ ಹಾಕುತ್ತೇನೆ. ಅವು ಕಾದು ಪೂರ್ತಿ ಬೆಳಗುವವರೆಗೆ ಆ ಬೂದು ಬೆಳಕಿನಲ್ಲಿ ಗ್ಯಾಲರಿಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಮೊದಲು ಇಬ್ಬರು ಕೂರುತ್ತಿದ್ದೆವು, ಆಗಲೂ ಮಾತಾಡುತ್ತಿರಲಿಲ್ಲ. ಮಾತಾಡದೆ ಇರುವುದಕ್ಕೂ ಇಬ್ಬರು ಬೇಕು ಎಂದು ನನಗೆ ತಿಳಿದಿರಲಿಲ್ಲ.

ನೀನು ಹೋದದ್ದು ಯಾಕೆ ಎಂದು ಜನ ಕೇಳುತ್ತಾರೆ. ಮುಖ್ಯ ಕೋಚ್ ಆಗಿ ಕರೆದರು, ಹೋದಳು ಎನ್ನುತ್ತೇನೆ. ಹನ್ನೊಂದು ವರ್ಷ ಗಂಡನ ಕೈಕೆಳಗೆ ಸಹಾಯಕಿಯಾಗಿದ್ದವಳಿಗೆ ಅಷ್ಟು ಸಾಕು ಎಂದು ಅವರೂ ಒಪ್ಪುತ್ತಾರೆ. ಸೋತ ದಿನ ವಾಪಸು ಬರುವ ಬಸ್ಸಿನಲ್ಲಿ ನಾವು ಸುಮ್ಮನಿರುತ್ತಿದ್ದೆವು. ಯಾವಾಗಲೋ ಒಮ್ಮೆ ಆ ಬಸ್ಸಿನಿಂದ ಇಳಿಯುವುದನ್ನೇ ಮರೆತೆವು. ಇದನ್ನು ಜನರಿಗೆ ಹೇಳಲು ಬರುವುದಿಲ್ಲ. ಹೊರಡುವಾಗ ನೀನು ಬಾಗಿಲಲ್ಲಿ ನಿಂತು, ಬರೋದಾದ್ರೆ ಬನ್ನಿ, ಅಲ್ಲೂ ಒಂದು ಮನೆ ಇರುತ್ತೆ ಅಂದೆ. ನಾನು, ಸೀಸನ್ ಮುಗೀಲಿ ಅಂದೆ. ಮನೆಗೆ ಬಾ ಎಂದವಳಿಗೆ ಇಂಥ ಉತ್ತರ ಕೊಡುವವನು ಕೋಚ್ ಒಬ್ಬನೇ.

ಸನ್ನೆಗಳ ವಿಷಯಕ್ಕೆ ಬರುತ್ತೇನೆ. ಸೀಟಿ ಕೆಲಸಕ್ಕೆ ಸೇರಿದ ವಾರವೇ ಹೇಳಿದಳು: “ಸಾರ್, ನೀವು ಸೀನಿದ್ರೂ ಮೇಡಂಗೆ ಅರ್ಥ ಆಗುತ್ತೆ. ಎಲ್ಲಾ ಸನ್ನೆ ಬದಲಾಯಿಸ್ಬೇಕು.” ಸಹಾಯಕ ಕೋಚ್ ಎದುರು ತಂಡಕ್ಕೆ ಹೋದರೆ ಯಾರಾದರೂ ಮಾಡುವ ಮೊದಲ ಕೆಲಸ ಅದು. ಮಾಡೋಣ ಅಂದೆ, ಮಾಡಲಿಲ್ಲ. ಹುಡುಗಿಯರಿಗೆ ಗೊಂದಲವಾಗುತ್ತೆ ಅಂದೆ. ಪರೀಕ್ಷೆ ಮುಗೀಲಿ ಅಂದೆ. ಕೊನೆಗೆ, ನನಗೇ ನೆನಪಿರಲ್ಲಮ್ಮ, ವಯಸ್ಸಾಯ್ತು ಅಂದೆ. ವಯಸ್ಸಿಗೆ ಇದೊಂದು ಅನುಕೂಲ, ಅದನ್ನು ಯಾವ ಪ್ರಶ್ನೆಗೆ ಬೇಕಾದರೂ ಉತ್ತರವಾಗಿ ಕೊಡಬಹುದು. ಹೀಗೆ ಅವೇ ಹಳೆಯ ಸನ್ನೆಗಳು ಉಳಿದವು. ಕಿವಿ ಹಿಡಿದುಕೊಂಡರೆ ಎಲ್ಲರೂ ಹಿಂದೆ ಬಂದು ಕಾಯಬೇಕು. ಹೊಟ್ಟೆ ಸವರಿದರೆ ಬುಟ್ಟಿಯ ಕೆಳಗೆ ನಿಂತವಳಿಗೆ ಚೆಂಡು ಹೋಗಬೇಕು. ಹೊಟ್ಟೆಯದನ್ನು ನೀನು ಕಂಡುಹಿಡಿದದ್ದು ಅಡುಗೆಮನೆಯಲ್ಲಿ. ಹಸಿವು ಹಸಿವು ಅಂತ ನಾನು ಮೇಜಿನ ಮುಂದೆ ಕೂತಿದ್ದೆ. ಇದನ್ನೇ ಇಟ್ಟುಬಿಡೋಣ, ನಿಮಗೆ ನಟನೆ ಮಾಡೋ ಕಷ್ಟ ಇರಲ್ಲ ಅಂದೆ ನೀನು.

ನಿನ್ನೆಯ ಕೊನೆಯ ನಿಮಿಷದಲ್ಲೂ ಅದನ್ನೇ ಮಾಡಿದೆ. ನಾವು ಒಂದು ಅಂಕ ಹಿಂದಿದ್ದೆವು. ಹೊಟ್ಟೆಯ ಮೇಲೆ ಕೈಯಿಟ್ಟು ನಿನ್ನ ಕಡೆ ತಿರುಗಿಯೇ ನಿಂತೆ. ನಿನಗೆ ಕಾಣಲಿ ಎಂದೇ. ನೀನು ಎರಡೂ ಶೂಗಳ ಲೇಸು ಬಿಚ್ಚಿ ಕೂತಿದ್ದೆ. ನಮ್ಮ ಕ್ಯಾಪ್ಟನ್ ಕೊಕ್ಕರೆ ಬುಟ್ಟಿಯ ಕೆಳಗೆ ಚೆಂಡು ಹಿಡಿದು, ಅವಳ ಆ ಉದ್ದನೆಯ ಕೈ ಚಾಚಿ, ಎರಡು ಅಂಕ ಹಾಕಿದಳು. ಆಮೇಲೆ ನಮಗೆ ಸಿಕ್ಕ ಇನ್ನೆರಡು ಅಂಕಗಳ ಕತೆ ನಿನಗೆ ಗೊತ್ತಿದೆ.

ನಿನಗೆ ಗೊತ್ತಿಲ್ಲದ್ದು ಬೇರೆ ಇದೆ. ಪಂದ್ಯಕ್ಕೆ ಮೊದಲು ಪ್ರಿನ್ಸಿಪಾಲರು ಕರೆಸಿದ್ದರು. ಈ ತಿಂಗಳಿಗೆ ನನ್ನ ಕರಾರು ಮುಗಿಯುತ್ತದೆ. ಈ ಪಂದ್ಯ ಗೆದ್ದರೆ ಮುಂದುವರಿಸುತ್ತಾರಂತೆ. ಸೋತರೆ, “ಹೊಸ ನೀರು ಬರಲಿ ಅಂತ ಆಡಳಿತ ಮಂಡಳಿಯವರ ಆಸೆ, ನಂದೇನಿಲ್ಲಪ್ಪ” ಅಂದರು. ಅವರು ಬೇಸರದಿಂದ ಹೇಳಿದರು. ನಾನು ಆ ಕೋಣೆಯಿಂದ ಹಗುರವಾಗಿ ಹೊರಗೆ ಬಂದೆ. ಬಹಳ ದಿನಗಳ ಮೇಲೆ ಕಾರಿಡಾರಿನಲ್ಲಿ ಹಾಡು ಗುನುಗಿಕೊಂಡೆನಂತೆ. ಪಟ್ಟಿ ಅಕ್ಕ ಹೇಳಿದಳು.

ಹುಡುಗಿಯರಿಗೆ ಸೋಲಿ ಎಂದು ನಾನು ಹೇಳಲಿಲ್ಲ. ಆಡಿಸುವುದನ್ನು ಸರಿಯಾಗಿಯೇ ಆಡಿಸಿದೆ. ಆದರೆ ಆಮೇಲೂ ಸನ್ನೆಗಳನ್ನು ಹಾಗೇ ಬಿಟ್ಟದ್ದು ಸೋಮಾರಿತನದಿಂದಲ್ಲ. ನೀನು ಓದುತ್ತೀಯ, ನಾವು ಸೋಲುತ್ತೇವೆ, ಪ್ರಿನ್ಸಿಪಾಲರು ಕೈಕುಲುಕುತ್ತಾರೆ, ನಾನು ಎರಡು ಪೆಟ್ಟಿಗೆ ಹಿಡಿದು ನಿನ್ನ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಕೆಲಸ ಹೋದವನನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಬರಬೇಕೆನಿಸಿತು, ಬಂದೆ ಎಂದು ಹೇಳುವ ಕಷ್ಟ ನನಗೆ ತಪ್ಪುತ್ತಿತ್ತು. ಎಲ್ಲವನ್ನೂ ನಿನ್ನ ಕಣ್ಣಿಗೆ ಒಪ್ಪಿಸಿ ಕೂತಿದ್ದೆ. ನೀನು ನೋಡಲಿಲ್ಲ.

ಗೆದ್ದ ಮೇಲೆ ಕೊಕ್ಕರೆ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. “ಇನ್ನು ನಿಮ್ಮನ್ನ ಕಳಿಸೋಕೆ ಆಗಲ್ಲ ಅಲ್ವಾ ಸಾರ್?” ಅಂದಳು. ಕರಾರಿನ ಸುದ್ದಿ ಅವರಿಗೆಲ್ಲ ಗೊತ್ತಿತ್ತು. ನಾನು ಹೋಗಲು ದಾರಿ ಮಾಡಿಕೊಂಡು ನಿಂತಿದ್ದಾಗ ಆ ಮಕ್ಕಳು ನನ್ನನ್ನು ಉಳಿಸಿಕೊಳ್ಳಲು ಆಡುತ್ತಿದ್ದರು. ಅವಳ ಬೆನ್ನು ತಟ್ಟಿದೆ. ನನ್ನ ಕೈ ನನ್ನದೆನ್ನಿಸಲಿಲ್ಲ.

ಜಿಲ್ಲಾ ಕ್ರೀಡಾಂಗಣದಿಂದ ವಾಪಸು ಬರುವ ಬಸ್ಸಿನಲ್ಲಿ ನಿನ್ನದೇ ಮಾತು. ಮೇಡಂ ದೊಡ್ಡ ಮನಸ್ಸಿನವರು, ಗೊತ್ತಿದ್ದೂ ಉಪಯೋಗಿಸಲಿಲ್ಲ, ನ್ಯಾಯ ಅಂದರೆ ಅದು ಎಂದು ಸೀಟಿ ಹೊಗಳಿದಳು. ಪಟ್ಟಿ ಅಕ್ಕ ಕಿಟಕಿಯ ಕಡೆ ತಿರುಗಿಕೊಂಡೇ, “ನ್ಯಾಯವೂ ಇಲ್ಲ ಮಣ್ಣೂ ಇಲ್ಲ. ಹಳೇ ಸನ್ನೆ ಕಂಡ್ರೆ ಅವಳಿಗೆ ಅಲ್ಲೇ ಅಳು ಬರ್ತಿತ್ತು, ಅದಕ್ಕೇ ಬಗ್ಗಿದ್ದು. ನಿಂಗಿನ್ನೂ ಮದ್ವೆ ಆಗಿಲ್ಲ, ಸುಮ್ನೆ ಕೂತ್ಕೋ” ಅಂದಳು. ಎರಡರಲ್ಲಿ ಯಾವುದು ಎಂದು ನಾನು ಕೇಳುವುದಿಲ್ಲ. ನ್ಯಾಯಕ್ಕಾಗಿ ನೋಡದೆ ಇದ್ದದ್ದಾದರೆ ನನಗೆ ನಾಚಿಕೆಯಾಗಬೇಕು. ಇನ್ನೊಂದಾಗಿದ್ದರೆ ಏನಾಗಬೇಕೋ ನನಗೆ ತಿಳಿಯದು.

ಬರುವ ಶನಿವಾರ ನಿಮ್ಮಲ್ಲಿ ಮರುಪಂದ್ಯ. ನಾನು ಕೇಳುವುದು ಇಷ್ಟೇ. ಈ ಸಲ ತಲೆ ಎತ್ತಿ ಕೂತಿರು. ನನ್ನ ಸಲುವಾಗಿ ಬೇಡ, ನಿನ್ನನ್ನು ನಂಬಿ ಅಂಗಳದಲ್ಲಿ ನಿಂತಿರುವ ಆ ಹುಡುಗಿಯರ ಸಲುವಾಗಿ. ಅವರಿಗೆ ಕೋಚ್ ಬೇಕು. ನಮ್ಮಿಬ್ಬರ ವ್ಯವಹಾರ ಅವರ ತಲೆಯ ಮೇಲೆ ಬೀಳಬಾರದು.

ಮೊಣಕಾಲಿಗೆ ಬಿಸಿ ಕೊಡುತ್ತಿರು.

ಇತಿ,
ನಿನ್ನ ಮನೆಯವನು
(ಆ ಪದ ಇನ್ನೂ ನಡೆಯುವುದಾದರೆ)

ತಾ.ಕ. ಇವತ್ತು ಮಂಗಳವಾರ. ಪತ್ರವನ್ನು ನಿನ್ನೆ ಅಂಚೆಗೆ ಹಾಕಲಿಲ್ಲ. ನಮ್ಮ ವ್ಯವಹಾರ ಹುಡುಗಿಯರ ತಲೆಯ ಮೇಲೆ ಬೀಳಬಾರದು ಎಂದು ಬರೆದ ಸಾಲನ್ನು ಓದಿದ ಮೇಲೆ ಹಾಕಲು ಆಗಲಿಲ್ಲ, ನನ್ನ ಹುಡುಗಿಯರ ತಲೆಯ ಮೇಲೆ ಅದನ್ನು ಹಾಕಿದವನು ನಾನೇ. ಪ್ರಿನ್ಸಿಪಾಲರ ಹತ್ತಿರ ಹೋಗಿ ಮುಂದುವರಿಯುವುದಿಲ್ಲ ಅಂದೆ. “ಗೆದ್ದ ಮೇಲೆ ಯಾರ್ರೀ ಬಿಟ್ಟು ಹೋಗ್ತಾರೆ?” ಎಂದು ನನ್ನ ಆರೋಗ್ಯ ವಿಚಾರಿಸಿದರು. ಹುಡುಗಿಯರನ್ನು ಕೂರಿಸಿಕೊಂಡು ಸನ್ನೆಗಳನ್ನು ಬೇಕೆಂದೇ ಬದಲಾಯಿಸದ ವಿಷಯವನ್ನೂ ಹೇಳಿದೆ. ಕೊಕ್ಕರೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸೀಟಿ ಈಗ ಮುಖ್ಯ ಕೋಚ್. ಒಂದೇ ದಿನದಲ್ಲಿ ಎಲ್ಲಾ ಸನ್ನೆ ಬದಲಾಯಿಸಿದಳು. ಬೆಳಗ್ಗೆ ನಾನು ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಅಭ್ಯಾಸ ನಿಲ್ಲಿಸಿ, “ಸಾರ್, ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಹೊರಗಿರಿ. ಇನ್ನು ನೀವು ಆ ಕಡೆಯವರು” ಅಂದಳು. ಬಾಗಿಲು ಹಾಕಿಕೊಂಡು ಹೊರಗೆ ನಿಂತೆ. ಅವಳೇನೋ ಹಾಗೆ ಹೇಳಿಬಿಟ್ಟಳು, ನೀನಿನ್ನೂ ಹೇಳಿಲ್ಲ. ಇದು ನಿನಗೆ ಸಿಗುವ ಹೊತ್ತಿಗೆ ಉತ್ತರ ಬರೆಯಲು ಸಮಯವಿರುವುದಿಲ್ಲ. ಶನಿವಾರ ಬರುತ್ತೇನೆ. ಕೆಲಸ ಹೋಗಿಲ್ಲ, ನಾನೇ ಬಿಟ್ಟಿದ್ದೇನೆ. ನನಗೆ ಬರಬೇಕೆನಿಸಿದೆ. ಗ್ಯಾಲರಿಯಲ್ಲಿ ಯಾವ ಕಡೆ ಕೂರಬೇಕೆಂದು ಬಾಗಿಲಲ್ಲೇ ಹೇಳು.