ಓದದೆ ಒಪ್ಪಲಿರುವ ಕುಂದರಗಿಯವರಿಗೆ

ಬಿಳಿಬಯಲು
ಇನ್ನೂರ ಹನ್ನೊಂದನೆಯ ಪಾಠವರ್ಷ, ನಡುಬಿಸಿಲ ಮಾಸದ ಹಿಂದಿನ ದಿನ

ಮಾನ್ಯ ಪ್ರಹ್ಲಾದ ಕುಂದರಗಿಯವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಕಾಲದ ಬೇಸಿಗೆ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಹಿಗ್ಗಿ ಹಿಗ್ಗಿ ವೈಶಾಖ ಜ್ಯೇಷ್ಠಗಳಲ್ಲಿ ಹಿಡಿಸದಾಯಿತು. ಹಿರಿಯರು ಅವೆರಡರ ನಡುವೆ ಇನ್ನೊಂದು ತಿಂಗಳು ಸೇರಿಸಿ ಅದಕ್ಕೆ ನಡುಬಿಸಿಲ ಮಾಸ ಎಂದು ಹೆಸರಿಟ್ಟರು. ನನ್ನ ಕನ್ನಡವೂ ನಿಮಗೆ ಕೊಂಚ ವಿಚಿತ್ರ ಅನ್ನಿಸಬಹುದು. ಹಳೆಯ ಕಡತಗಳನ್ನು ಓದಿ ನಿಮ್ಮ ಕಾಲದ ಭಾಷೆ ಕಲಿತವಳು ನಾನು. ನಡುನಡುವೆ ಸರಕಾರಿ ಸುತ್ತೋಲೆಯ ಧಾಟಿ ಬಂದರೆ ಅದು ನಿಮ್ಮಂಥವರೇ ಕಲಿಸಿದ್ದು. ಭಾಷೆಯ ವಿಷಯಕ್ಕೆ ಕ್ಷಮೆ ಕೇಳುತ್ತೇನೆ. ಮುಂದೆ ಬರುವ ಮಾತುಗಳಿಗೆ ಕೇಳುವುದಿಲ್ಲ.

ನನ್ನ ಹೆಸರು ಶಾಕಾಂಬರಿ. ಈ ಊರಿನ ಅಂಚುಗಾರ್ತಿ. ಹಳೆಯ ಕಡತದ ಅಂಚಿನಲ್ಲಿ ಯಾರು ಏನು ಗೀಚಿದ್ದಾರೆ, ಯಾವ ಸಾಲನ್ನು ಯಾರು ಹೊಡೆದುಹಾಕಿದ್ದಾರೆ, ಅದಕ್ಕೆ ಯಾರು ಹೂಂ ಅಂದಿದ್ದಾರೆ ಎಂದು ಓದಿ ಹೇಳುವುದು ಅಂಚುಗಾರ್ತಿಯ ಕೆಲಸ. ಇಂಥದ್ದೊಂದು ಕೆಲಸ ಯಾಕೆ ಹುಟ್ಟಿತು ಎಂದು ನಿಮಗೆ ಹೇಳಬೇಕು. ನಿಮ್ಮ ನಂತರ ಒಂದು ಕೆಟ್ಟ ಕಾಲ ಬಂದಿತ್ತು. ಯಂತ್ರಗಳು ಬೆಳಿಗ್ಗೆ ಒಂದು ಕಾನೂನು ಬರೆದು ಸಂಜೆಯೊಳಗೆ ಅದನ್ನು ನೂರು ಸಲ ತಿದ್ದುತ್ತಿದ್ದವು. ಯಾವುದು ನಿಯಮ, ಯಾವುದು ಅಲ್ಲ ಎಂಬುದೇ ಜನಕ್ಕೆ ತಿಳಿಯದಾದಾಗ ಊರೂರಿನವರು ಕೂತು ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಯಾರೂ ಹೊಸ ನಿಯಮ ಬರೆಯುವಂತಿಲ್ಲ, ಆಯಾ ಊರು ಹುಟ್ಟಿದಾಗ ಮನುಷ್ಯರೇ ಓದಿ ಒಪ್ಪಿದ ನಿಯಮಾವಳಿಯೇ ಕೊನೆಯ ಮಾತು. ಅದನ್ನು ಮೂಲಪಾಠ ಎನ್ನುತ್ತೇವೆ. ಅದರಂತೆ ನೀರು ಬಿಡುವ, ಕೆಲಸ ಹಂಚುವ ಯಂತ್ರಕ್ಕೆ ಪಾಠಪಾಲಕ ಎಂದು ಹೆಸರು. ಪಾಪ, ಅದು ಕೆಟ್ಟದ್ದಲ್ಲ. ಅದಕ್ಕೆ ಬರೆದದ್ದು ಗೊತ್ತು, ಬರೆಯದೇ ಇದ್ದದ್ದು ಗೊತ್ತಿಲ್ಲ. ನಮ್ಮ ಬಿಳಿಬಯಲಿನ ಮೂಲಪಾಠ ಎಂದರೆ, ಹೊಸ ಊರಿನ ಮುಖ್ಯಾಧಿಕಾರಿಯಾದ ತಮ್ಮ ಮುಂದೆ ಈ ಹೊತ್ತು ಕಂಪ್ಯೂಟರಿನ ಪರದೆಯ ಮೇಲೆ ತೆರೆದು ಕೂತಿರುವ ಕಡತವೇ.

'ಮನುಷ್ಯರೇ ಓದಿ ಒಪ್ಪಿದ' ಎಂದು ಬರೆಯುವಾಗ ನನ್ನ ಮೈ ಉರಿಯುತ್ತದೆ. ನೀವು ಓದಲಿಲ್ಲ ಎನ್ನುವುದಕ್ಕೆ ನಮ್ಮ ಊರ ಬಾಗಿಲೇ ಸಾಕ್ಷಿ. ಒಂಬತ್ತನೆಯ ಕಲಮಿನ ಮಧ್ಯೆ ನಿಮ್ಮ ಕಚೇರಿಯ ಯಾರೋ ಪುಣ್ಯಾತ್ಮರು, ಅಂಚಿನಲ್ಲಿ ಬರೆಯಬೇಕಾದದ್ದನ್ನು ಮರೆತು ಪಾಠದೊಳಗೇ ಸೇರಿಸಿದ್ದಾರೆ: "ಇಲ್ಲೊಂದ್ ಚಂದನ್ ಫೋಟೋ ಹಾಕ್ರಿ ಯಾರರ." ನೀವು ಅದನ್ನೂ ಒಪ್ಪಿದಿರಿ. ಒಪ್ಪಿದ ಮೇಲೆ ಅದು ನಿಯಮ. ಪ್ರತಿ ವರ್ಷ ಊರಿನವರೆಲ್ಲ ಸೇರಿ ಆ 'ಯಾರಾದರೂ' ಯಾರು ಎಂದು ಆರಿಸುತ್ತೇವೆ, ಆರಿಸಿಬಂದವರು ಹೊಸ ಬಟ್ಟೆ ಉಟ್ಟು ಊರಬಾಗಿಲಿಗೆ ಒಂದು ಚಿತ್ರ ತೂಗುಹಾಕುತ್ತಾರೆ. ಚಿತ್ರ ಚೆಂದ ಇದೆಯೋ ಇಲ್ಲವೋ ಎಂದು ಜಗಳಗಳೂ ಆಗುತ್ತವೆ. ಹೋದ ವರ್ಷ ಮೇಲೋಣಿಯ ಒಬ್ಬ ತನ್ನ ಎಮ್ಮೆಯ ಚಿತ್ರ ತಂದು, ಇದಕ್ಕಿಂತ ಚೆಂದದ್ದು ಊರಲ್ಲಿ ಏನಿದೆ ತೋರಿಸಿ ಎಂದು ಹಟ ಹಿಡಿದು ಕೂತಿದ್ದ. ಇದೆಲ್ಲ ನಗುವ ಮಾತು, ನಾವೂ ನಗುತ್ತೇವೆ. ನಲವತ್ತೆರಡನೆಯ ಕಲಮಿಗೆ ಬಂದಾಗ ನಗು ಬರುವುದಿಲ್ಲ.

ಅಂತಿಮ ಪ್ರತಿಯಲ್ಲಿ ಆ ಕಲಮು ಇಷ್ಟೇ ಇದೆ: 'ಸೋಲಾರ್ ಪ್ಯಾನೆಲ್‌ಗಳನ್ನು ಪ್ರತಿದಿನ ತೊಳೆಯತಕ್ಕದ್ದು.' ತಿದ್ದುಪಡಿಗಳು ಕಾಣುವ ಹಿಂದಿನ ಪ್ರತಿಯನ್ನು ನಾವು ಕೆಂಪು ಪ್ರತಿ ಎನ್ನುತ್ತೇವೆ. ನಿಮ್ಮ ಕಾರ್ಮಿಕ ಕಲ್ಯಾಣ ಅಧಿಕಾರಿ ರೇಣುಕಾ ಹಾದಿಮನಿ ಅದನ್ನು ಜೋಪಾನವಾಗಿ ತೆಗೆದಿಟ್ಟದ್ದರಿಂದ ಅದು ಉಳಿದಿದೆ, ಅವರ ಹೊಟ್ಟೆ ತಣ್ಣಗಿರಲಿ. ಅದರಲ್ಲಿ ಇನ್ನೊಂದು ಸಾಲಿದೆ. 'ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರಿಂದಲೂ ಬಯಲಿನಲ್ಲಿ ಕೆಲಸ ಮಾಡಿಸತಕ್ಕದ್ದಲ್ಲ.' ರೇಣುಕಾ ಬರೆದದ್ದು. ಪ್ಯಾನೆಲ್ ತೊಳೆಸುವ ಗುತ್ತಿಗೆ ಹಿಡಿದವರ ಪರವಾಗಿ ಬೆಟಗೇರಿ ಎಂಬವರು ಅದರ ಮೇಲೆ ಕೆಂಪು ಗೀಟು ಎಳೆದಿದ್ದಾರೆ. ಪಕ್ಕದಲ್ಲಿ, ಅಂಚಿನಲ್ಲಿ, ನಿಮ್ಮೆಲ್ಲರ ದನಿ ಹಾಗೆಯೇ ಇದೆ.

"ಸರ್, ಈ ಸಾಲ್ ತಗೀಬ್ಯಾಡ್ರಿ. ತೊಳ್ಯಾಕ ಬರೋರು ಎಲ್ಲಾ ಹೆಣ್ಮಕ್ಕಳು. ಮಟಮಟ ಮಧ್ಯಾಹ್ನ ಆ ಗಾಜಿನ ನಡುವ ನಿಂತ್ರ ಸಾಯ್ತಾರ್ರಿ" ಎಂದು ರೇಣುಕಾ ಬರೆದಿದ್ದಾರೆ. "ಮೇಡಂ, ಬ್ಯಾಸಗ್ಯಾಗ ಮಧ್ಯಾಹ್ನ ಯಾರರ ದುಡೀತಾರೇನ್ರಿ? ಎಲ್ಲಾರಿಗೂ ಗೊತ್ತಿದ್ದದ್ದ ಐತಿ. ಅದನ್ನ ಬರ್ಯೋದ್ಯಾಕ, ಸುಮ್ನ ಪುಟ ಜಾಸ್ತಿ" ಎಂದು ಬೆಟಗೇರಿ. "ಗೊತ್ತಿದ್ರ ಬರ್ಯಾಕ ಏನ್ ತ್ರಾಸ್ರಿ?" ಎಂದು ಮತ್ತೆ ರೇಣುಕಾ. ಅದರ ಕೆಳಗೆ ತಾವು: "ನೋಡತೇನಿ. ಊಟಕ್ಕ ಹೊತ್ತಾತು."

ಆಮೇಲೆ ಏನಾಯಿತು ಎಂದು ಕಡತವೇ ಹೇಳುತ್ತದೆ. ನೀವು ಒಂದೊಂದೇ ಗೀಟು ನೋಡಲಿಲ್ಲ. ಅಕ್ಷರದ ಗಾತ್ರ ಬದಲಿಸಿದ್ದು, ಸಾಲಿನ ಅಂತರ ಹೆಚ್ಚಿಸಿದ್ದು, ಊರಿನ ಹೆಸರನ್ನು ದಪ್ಪಗೆ ಮಾಡಿದ್ದು, ಇಂಥ ನೂರಾರು ಕೆಂಪಿನ ನಡುವೆ ರೇಣುಕಾ ಅವರ ಸಾಲೂ ಕೆಂಪಾಗಿ ಕೂತಿತ್ತು. ನೀವು ಎಲ್ಲವನ್ನೂ ಒಂದೇ ಏಟಿಗೆ ಒಪ್ಪುವ 'ಆಕ್ಸೆಪ್ಟ್ ಆಲ್' ಗುಂಡಿ ಒತ್ತಿದಿರಿ. ಒತ್ತಿ, "ಎಲ್ಲಾ ನೋಡೀನಿ. ಓಕೆ" ಎಂದು ಬರೆದು ಎದ್ದಿರಿ. ಮತ್ತೆ ಆ ಕಡತದಲ್ಲಿ ನಿಮ್ಮ ಕೈ ಕಾಣುವುದು ನಾಲ್ಕು ಗಂಟೆಯ ಮೇಲೆ. ಅಂದರೆ ಉಂಡಿರಿ, ಫ್ಯಾನಿನ ಕೆಳಗೆ ಒಂದು ಗಳಿಗೆ ಅಡ್ಡಾದಿರಿ, ಬಿಸಿಲು ಇಳಿದ ಮೇಲೆ ಬಂದಿರಿ. ಸ್ವಾಮಿ, ನಿಮ್ಮ ಊಟ ನಿದ್ದೆಯ ಮೇಲೆ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ. ಆದರೆ ನಿಮ್ಮ ಮಧ್ಯಾಹ್ನದ ನೆರಳಿಗೆ ಹೋಗುವ ಅವಸರದಲ್ಲಿ ನಮ್ಮ ಮಧ್ಯಾಹ್ನದ ನೆರಳನ್ನು ಅಳಿಸಿ ಹೋದಿರಲ್ಲ, ಅದನ್ನು ಯಾವ ಬಾಯಿಂದ ಕ್ಷಮಿಸಲಿ? ಬೆಟಗೇರಿಯವರು ಸುಳ್ಳು ಹೇಳಿದರು ಎಂದೂ ಅನ್ನಲಾರೆ. ಆಗ ಎಲ್ಲರಿಗೂ ಗೊತ್ತಿತ್ತು. ಬೇಸಿಗೆಯ ಮಧ್ಯಾಹ್ನ ಎತ್ತಿಗೂ ನೊಗ ಇಳಿಸುತ್ತಿದ್ದ ಜನ ನೀವು. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದುಕೊಂಡಿರಿ. ಆ ಎಲ್ಲರೂ ಸತ್ತು ಎಷ್ಟೋ ಕಾಲವಾಯಿತು, ಈಗ ಉಳಿದಿರುವುದು ಬರೆದದ್ದು ಮಾತ್ರ.

ನಮ್ಮಲ್ಲಿ ಹೀಗೆ ನಡೆಯುವುದಿಲ್ಲ. ನಿಮ್ಮನ್ನು ನೋಡಿಯೇ ಕಲಿತೆವು. ಮದುವೆಯ ಮಾತುಕತೆಯಿರಲಿ, ಅಡುಗೆಯ ವಿಧಾನವಿರಲಿ, ಯಾರೂ ಮುಟ್ಟಲಾಗದ ಮೂಲಪಾಠವೊಂದನ್ನು ಬಿಟ್ಟು ಬರೆದ ಯಾವುದನ್ನಾದರೂ ತಿದ್ದಬೇಕಾದರೆ ಊರ ನಡುವಿನ ಒಪ್ಪಿಗೆ ಕಟ್ಟೆಗೆ ಬರಬೇಕು. ಒಂದೊಂದು ಗೀಟನ್ನೂ ಗಟ್ಟಿಯಾಗಿ ಓದಬೇಕು. ಆ ಗೀಟು ಯಾರ ಬದುಕಿಗೆ ತಾಗುತ್ತದೋ ಅವರು ಎದುರಿಗೆ ನಿಂತಿರಬೇಕು. ಅವರ ಮುಖ ನೋಡಿಕೊಂಡೇ 'ಇರಲಿ' ಅಥವಾ 'ಹೋಗಲಿ' ಅನ್ನಬೇಕು. ನಮ್ಮ ಅಜ್ಜಿ ಬರೆದಿಟ್ಟ ಬದನೆಕಾಯಿ ಎಣ್ಣೆಗಾಯಿಯಲ್ಲಿ ಖಾರ ಕಡಿಮೆ ಮಾಡಲು ನಮ್ಮ ಅಪ್ಪ ಕಟ್ಟೆ ಹತ್ತಿದ್ದರು. ಅಜ್ಜಿ ಎದುರಿಗೆ ಬಂದು ನಿಂತು ಅಪ್ಪನನ್ನು ಒಂದು ಸಲ ನೋಡಿದರು ಅಷ್ಟೇ, ಖಾರ ಇವತ್ತಿಗೂ ಹಾಗೆಯೇ ಇದೆ. ಬೇಸರದ ಕೆಲಸ ಹೌದು. ಒಂದು ಪುಟಕ್ಕೆ ಒಂದು ಹಗಲು ಹೋಗುತ್ತದೆ, ಕೂತವರ ಕಾಲು ಜೋಮು ಹಿಡಿಯುತ್ತದೆ. ಆದರೂ ಎದುರಿಗೆ ನಿಂತವರ ಅನ್ನವನ್ನು ಕಣ್ಣು ಮುಚ್ಚಿ ಹೊಡೆದುಹಾಕಿದ ಒಬ್ಬರನ್ನೂ ಆ ಕಟ್ಟೆಯ ಮೇಲೆ ನಾನು ಕಂಡಿಲ್ಲ.

ನನ್ನ ತಂಗಿ ತುಂಗವ್ವ ಹಲಗೆ ತೊಳೆಯುವವಳು. ನಿಮ್ಮ ಸೋಲಾರ್ ಪ್ಯಾನೆಲ್ಲನ್ನು ನಾವು ಬಿಸಿಲುಹಲಗೆ ಎನ್ನುತ್ತೇವೆ. ನಮ್ಮ ಊರಿನ ಸುತ್ತ ಕಣ್ಣು ಹಾಯುವವರೆಗೆ ಅವೇ. ಧೂಳು ಕೂತರೆ ಅವುಗಳ ಶಕ್ತಿ ಇಳಿಯುತ್ತದೆ, ಇಳಿಯುವುದು ಗೊತ್ತಾಗುವುದು ಬಿಸಿಲು ನೆತ್ತಿಗೆ ಬಂದಾಗ, ಹಾಗಾಗಿ ಪಾಠಪಾಲಕ ತೊಳೆಯುವವರನ್ನು ಕರೆಯುವುದೂ ಮಧ್ಯಾಹ್ನಕ್ಕೇ. ಮೇಲಿನಿಂದ ಸೂರ್ಯ, ಎರಡೂ ಕಡೆಯಿಂದ ಗಾಜಿನ ಝಳ. ಹೋದ ಬೇಸಿಗೆಯಲ್ಲಿ ತುಂಗವ್ವ ಹಲಗೆಗಳ ನಡುವೆ ಬಿದ್ದಳು. ಜೊತೆಯವರು ತೊಳೆಯುವ ನೀರನ್ನೇ ಅವಳ ಮೇಲೆ ಸುರಿದು ಹೊತ್ತು ತಂದರು. ಅವಳಿಗೆ ನನ್ನ ಗುರುತು ಸಿಗಲು ಮೂರು ದಿನ ಹಿಡಿಯಿತು. ಇನ್ನೊಂದು ಸಲ ಹೀಗಾದರೆ ಜೀವ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಹೋಗದಿದ್ದರೆ ಮನೆಯ ನೀರಿನ ಪಾಲು ನಿಲ್ಲುತ್ತದೆ, ಅದಕ್ಕೆ ಬೇರೊಂದು ಕಲಮಿದೆ, ಅದನ್ನು ಮಾತ್ರ ನೀವು ಯಾರೂ ಹೊಡೆದುಹಾಕಲಿಲ್ಲ. ನನ್ನನ್ನು ಕಳಿಸು, ಅವಳನ್ನು ಬಿಡು ಎಂದು ಪಾಠಪಾಲಕನ ಮುಂದೆ ಕೂತು ಗೋಗರೆದೆ. ಒಬ್ಬರ ಬದಲು ಇನ್ನೊಬ್ಬರು ಎಂಬ ಸಾಲು ಮೂಲಪಾಠದಲ್ಲಿ ಇಲ್ಲವಂತೆ. "ಅಕ್ಕಾ, ಅದರ ಕೂಡ ಏನ್ ಮಾತಾಡ್ತಿ? ಅದಕ ಬರದದ್ದಷ್ಟ ತಿಳೀತೈತಿ. ಏಳು, ಮನಿಗೆ ಹೋಗೂಣು" ಎಂದು ತುಂಗವ್ವನೇ ನನ್ನ ಕೈ ಹಿಡಿದು ಎಬ್ಬಿಸಿದಳು. ನಾಳೆ ನಡುಬಿಸಿಲ ಮಾಸ ಹುಟ್ಟುತ್ತದೆ. ನಾಳೆ ಮಧ್ಯಾಹ್ನ ಅವಳಿಗೆ ಕರೆ ಬಂದಿದೆ.

ನಮಗೆ ಉಳಿದಿರುವ ದಾರಿ ಒಂದೇ, ಅದಕ್ಕೆ ಹಿಂದಂಚೆ ಎನ್ನುತ್ತಾರೆ. ಒಂದು ಮನೆತನಕ್ಕೆ ಒಂದೇ ಒಂದು ಸಲ, ಮೂಲಪಾಠವನ್ನು ಒಪ್ಪಿದವರಿಗೆ, ಅವರು ಒಪ್ಪುವ ಮುನ್ನ, ಒಂದು ವಿನಂತಿ ಕಳಿಸಬಹುದು. ಅದು ಹೇಗೆ ತಲುಪುತ್ತದೆ ಎಂದು ವಿವರಿಸುವಷ್ಟು ವಿದ್ಯೆ ನನಗಿಲ್ಲ. ಎಲ್ಲಿಗೆ ತಲುಪುತ್ತದೆ ಎಂಬುದು ಗೊತ್ತು: ನಿಮ್ಮ ಕೆಂಪು ಪ್ರತಿಗೆ, ಯಾರೋ ಹೊಸದಾಗಿ ಸೇರಿಸಿದ ತಿದ್ದುಪಡಿಯಂತೆ. ಈಗ ನೀವು 'ನೋಡತೇನಿ' ಎಂದು ಬರೆದಾಗಿದೆ, ಗುಂಡಿ ಇನ್ನೂ ಒತ್ತಿಲ್ಲ. ನಲವತ್ತೆರಡನೆಯ ಕಲಮಿನ ಕೆಳಗೆ ಇಷ್ಟುದ್ದ ಕೆಂಪಕ್ಷರ ಹಠಾತ್ತನೆ ಎಲ್ಲಿಂದ ಬಂತು ಎಂದು ನಿಮಗೆ ಅನ್ನಿಸಬೇಕು. ಅನ್ನಿಸುತ್ತದೆಯೋ ಇಲ್ಲವೋ ಎಂಬುದೇ ನನ್ನ ಭಯ. ಯಾಕೆಂದರೆ ನನಗಿಂತ ಮುಂಚೆ ನಮ್ಮ ಓಣಿಯ ಗುರುಪಾದಪ್ಪಜ್ಜ ನಿಮಗೇ ಒಂದು ಪತ್ರ ಕಳಿಸಿದ್ದರು. ಊರಿನ ಹಳೇ ಬಾವಿ ಮುಚ್ಚುವ ಸಾಲನ್ನು ತೆಗೆಯಿರಿ ಎಂದು ಕೈಮುಗಿದು ಬರೆದಿದ್ದರು. ಮರುದಿನ ನೋಡಿದರೆ ಅವರ ಪತ್ರ, ನಮಸ್ಕಾರ ಸಮೇತ, ಮೂಲಪಾಠದಲ್ಲಿ ಇಪ್ಪತ್ತಾರನೆಯ ಕಲಮಾಗಿ ಅಚ್ಚಾಗಿತ್ತು. ಬಾವಿ ಮುಚ್ಚುವ ಸಾಲೂ ಅದರ ಮೇಲೆಯೇ ಇತ್ತು. ನೀವು ಎರಡನ್ನೂ ಒಪ್ಪಿದ್ದಿರಿ. ನಿಮ್ಮ ಹೆಸರಿಗೆ ಬರೆದ ಬಿನ್ನಹ ಎಷ್ಟೇ ಉದ್ದವಿದ್ದರೂ ಪಾಠಪಾಲಕನಿಗೆ ಅದು ನಿಯಮವಾಗುವುದಿಲ್ಲ.

ಆದ್ದರಿಂದ ಕೈಮುಗಿಯುವುದನ್ನು ಬಿಟ್ಟು ನೇರವಾಗಿ ಹೇಳುತ್ತೇನೆ. ಕುಂದರಗಿಯವರೇ, ಏಳಬೇಡಿ. ಊಟ ತಣ್ಣಗಾದರೆ ಮನೆಯವರು ಬಿಸಿ ಮಾಡಿಕೊಡುತ್ತಾರೆ. ಬೆಟಗೇರಿಯವರು ಎಳೆದ ಆ ಒಂದು ಗೀಟಿನ ಮೇಲೆ ಬೆರಳಿಟ್ಟು 'ರಿಜೆಕ್ಟ್' ಒತ್ತಿ. ಸಾಲು ಮತ್ತೆ ಕಪ್ಪಾಗುವುದನ್ನು ನಿಮ್ಮ ಕಣ್ಣಾರೆ ನೋಡಿ. ಅಕ್ಷರದ ಗಾತ್ರ, ದಪ್ಪ, ಅಂತರ, ಫೋಟೋ ಎಲ್ಲವನ್ನೂ ಹೇಗೆ ಬೇಕಾದರೂ ಮಾಡಿಕೊಳ್ಳಿ. ಈ ಪತ್ರವನ್ನೂ ತಿರಸ್ಕರಿಸಿ, ನನಗೆ ಬೇಸರವಿಲ್ಲ. ಇದನ್ನು ತಿರಸ್ಕರಿಸಿದಿರಿ ಎಂದರೆ ಓದಿದ್ದೀರಿ ಎಂದು ಅರ್ಥ.

ತುಂಗವ್ವನಿಗೆ ಈ ಪತ್ರದ ವಿಷಯ ಹೇಳಿಲ್ಲ. ಆಸೆ ಹುಟ್ಟಿಸಲು ಧೈರ್ಯ ಬರಲಿಲ್ಲ. ನಾಳೆ ಬೆಳಿಗ್ಗೆ ಒಪ್ಪಿಗೆ ಕಟ್ಟೆಯಲ್ಲಿ ವರ್ಷಕ್ಕೊಮ್ಮೆಯಂತೆ ಮೂಲಪಾಠ ಓದಬೇಕು, ಅಂಚುಗಾರ್ತಿಯಾಗಿ ಓದುವವಳು ನಾನೇ. ನಲವತ್ತೆರಡನೆಯ ಕಲಮು ಹಲಗೆ ತೊಳೆಯುವವರಿಗೆ ತಾಗುವುದರಿಂದ ಅವಳು ನನ್ನ ಎದುರಿಗೇ ನಿಂತಿರುತ್ತಾಳೆ, ತಲೆಗೆ ಬಟ್ಟೆ ಬಿಗಿದು, ಬುತ್ತಿ ಕಂಕುಳಲ್ಲಿಟ್ಟುಕೊಂಡು. ಅಲ್ಲಿ ರೇಣುಕಾ ಅವರ ಸಾಲು ಇದ್ದರೆ ಅವಳ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುತ್ತೇನೆ. ಅದರ ಬದಲು 'ಮಾನ್ಯ ಪ್ರಹ್ಲಾದ ಕುಂದರಗಿಯವರಿಗೆ' ಎಂದು ಶುರುವಾದರೆ, ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ, ಅವಳ ಮುಖ ನೋಡಿಕೊಂಡು, ನಾನೇ ಗಟ್ಟಿಯಾಗಿ ಓದಬೇಕಾಗುತ್ತದೆ.

ಶಾಕಾಂಬರಿ
ಅಂಚುಗಾರ್ತಿ, ಬಿಳಿಬಯಲು