ಫರ್ನೇಸ್ ಹಚ್ಚಬೇಡ

ಆರ್ವೋ,

ಮನೆಯಲ್ಲಿ ಚಳಿ ಕೊರೆಯುತ್ತಿದೆ ಅಂತ ನೆಲಮಾಳಿಗೆಗೆ ಹೋಗಿ ಫರ್ನೇಸ್ ಹಚ್ಚಬೇಡ. ಅಗ್ನಿಶಾಮಕದವರು ಗ್ಯಾಸ್ ಬಂದ್ ಮಾಡಿದ್ದಾರೆ. ಕಿಟಕಿಗಳು ತೆರೆದೇ ಇರಲಿ. ಪೈಪಲ್ಲಿ ನೀರು ಹೆಪ್ಪುಗಟ್ಟಬಾರದು ಅಂತ ನಲ್ಲಿ ಸಣ್ಣಗೆ ಬಿಟ್ಟಿದ್ದೇನೆ, ನಿಲ್ಲಿಸಬೇಡ.

ಫರ್ನೇಸಿನ ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿಹೋಗಿತ್ತಂತೆ. ವಿಷಗಾಳಿ ಒಳಗೇ ತುಂಬಿಕೊಂಡಿತ್ತು. ನೀಲಿ ಇರಬೇಕಾದ ಉರಿ ಹಳದಿಯಾಗಿದೆ ಅಂತ ನಾನು ಅಂದಾಗ ನೀನು, "ಫಿಲ್ಟರ್ ಬದಲಾಯಿಸಿದ್ದೀನಲ್ಲ, ಸುಮ್ನಿರು ಮಾರಾಯ್ತಿ" ಅಂದೆ. ಬೆಳಿಗ್ಗೆ ನಿನ್ನಮ್ಮ, "ತಲೆ ಸಿಡೀತಿದೆ ಸೈಮಾ, ಒಂಚೂರು ಮಲಗ್ತೀನಿ" ಅಂದರು. ಕಂಬಳಿ ಹೊದಿಸಿ, ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋದೆ. ಬಂದು ಎಷ್ಟು ಅಲುಗಾಡಿಸಿದರೂ ಏಳಲಿಲ್ಲ.

ಗಣಿಯೊಳಗೆ ನಿನಗೆ ಫೋನು ಸಿಗಲಿಲ್ಲ. ಅಮ್ಮನ ನೀಲಿ ಉಡುಪು ಒಯ್ಯಲು ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ, ಪಕ್ಕದ ಮನೆಯ ಕೊಸ್ಕಿಯವರ ಗಾಡಿಯಲ್ಲಿ ಮತ್ತೆ ಹೊರಟಿದ್ದೇನೆ.

ನೀನು ನಮ್ಮ ಕಾರಲ್ಲೇ ಬಾ. ಅದರ ಇಂಜಿನ್ ಫ್ಯಾನ್ ಇನ್ನೂ ತಿರುಗುತ್ತಿಲ್ಲ, ನಿಂತಲ್ಲೆಲ್ಲ ಇಂಜಿನ್ ಕಾದುಹೋಗುತ್ತದೆ. ಹೀಟರ್ ಪೂರ್ತಿ ಹಾಕಿಕೋ, ಇಂಜಿನ್ನಿನ ಬಿಸಿ ಎಳೆದುಕೊಳ್ಳುತ್ತದೆ. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡು. ಎಷ್ಟು ಹೊತ್ತಾದರೂ ಪರವಾಗಿಲ್ಲ.

ಅಮ್ಮ ಹೋಗಿಬಿಟ್ಟರು, ಆರ್ವೋ. ಮೊದಲ ಸಾಲಲ್ಲೇ ಬರೆಯೋಕೆ ಕೈ ಬರಲಿಲ್ಲ.

ಸೈಮಾ